ಇಲ್ಲಿಯ ಎಲ್‌ಎಲ್‌ಬಿ ಅಲ್ಲಿ ನಡೆಯುತ್ತದೆಯೇ?

ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ನ್ಯಾಯಾಲಯದ ಮೆಟ್ಟಿಲ ಮೇಲೆ ಕೇಳುತ್ತಾರೆ. ಕಳೆದ ವಾರ ತೀರ್ಥಹಳ್ಳಿ ಬಸ್ಸಿನಲ್ಲಿಯೂ ಒಬ್ಬರು ಕೇಳಿದರು: "ಮಗಳು ಕಾನೂನು ಓದುತ್ತಾಳಂತೆ. ಶಿವಮೊಗ್ಗದಲ್ಲೇ ಸೇರಿಸಲೋ, ಬೆಂಗಳೂರಿಗೆ ಕಳಿಸಲೋ? ಮುಂದೆ ಹೊರದೇಶಕ್ಕೆ ಹೋದರೆ ಈ ಪದವಿ ನಡೆಯುತ್ತದೆಯೇ, ವಕೀಲರೇ?"

ಎರಡನೆಯ ಪ್ರಶ್ನೆಯೇ ಮೊದಲಿರಲಿ. ಪದವಿ ಜೊತೆಗೆ ಬರುತ್ತದೆ, ವಕೀಲಿಕೆ ಮಾಡಲು ಕೊಡುವ ಪರವಾನಗಿ, ಅಂದರೆ ಸನ್ನದು, ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್, ಅಂದರೆ ಅಲ್ಲಿಯ ಒಂದು ಬಗೆಯ ವಕೀಲ, ಆಗಲು 2021ರಿಂದ ಎಸ್‌ಕ್ಯುಇ ಎಂಬ ಎರಡು ಹಂತದ ಪರೀಕ್ಷೆಯಿದೆ. ಎರಡು ವರ್ಷದ ಕೆಲಸದ ಅನುಭವವೂ ಬೇಕು. ತಮಾಷೆಯೆಂದರೆ, ಅದಕ್ಕೆ ಪದವಿ ಕಾನೂನಿನದೇ ಆಗಿರಬೇಕೆಂದಿಲ್ಲ. ಕೆನಡಾದಲ್ಲಿ ಎನ್‌ಸಿಎ ಎಂಬ ಸಮಿತಿ ಅಂಕಪಟ್ಟಿ ನೋಡಿ, ಯಾವ ವಿಷಯಗಳನ್ನು ಮತ್ತೆ ಬರೆಯಬೇಕೆಂದು ಹೇಳುತ್ತದೆ. ವಕೀಲರಾಗಲು ಬರೆಯಬೇಕಾದ ನ್ಯೂಯಾರ್ಕಿನ ಬಾರ್ ಪರೀಕ್ಷೆಗೂ ದಾರಿಯಿದೆ, ಓದಿನಲ್ಲಿ ಕೊರತೆ ಕಂಡರೆ ಅಲ್ಲಿಯೇ ಎಲ್‌ಎಲ್‌ಎಂ ಎಂಬ ಸ್ನಾತಕೋತ್ತರ ಪದವಿ ಮಾಡಬೇಕಾಗಬಹುದು.

ಇದರಲ್ಲಿ ಅನ್ಯಾಯವೇನೂ ಇಲ್ಲ. ನನ್ನ ಮೇಜಿನ ಮೇಲಿರುವ ಕಡತಗಳನ್ನೇ ನೋಡಿ: ತೋಟಕ್ಕೆ ಸೊಪ್ಪು ತರುವ ಕಾಡಿನ, ಅಂದರೆ ಸೊಪ್ಪಿನಬೆಟ್ಟದ ತಕರಾರು, ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂಬ ಬಗರ್‌ಹುಕುಂ ಅರ್ಜಿ, ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟು ಬಂದ ಕುಟುಂಬದ ಮೊಮ್ಮಗ ಇಂದಿಗೂ ಹಿಡಿದು ಓಡಾಡುವ ಪಹಣಿ. ಈ ವಿದ್ಯೆ ಆಗುಂಬೆ ಘಾಟಿ ಇಳಿಯುವಷ್ಟರಲ್ಲೇ ಅರ್ಧ ಮಂಕಾಗುತ್ತದೆ. ಕೆಳಗೆ ಕರಾವಳಿಯಲ್ಲಿ ಕುಮ್ಕಿಯದು, ಅಂದರೆ ಸ್ವಂತ ಜಮೀನಿಗೆ ಹೊಂದಿಕೊಂಡ ಸರ್ಕಾರಿ ಜಾಗದ್ದು, ಬೇರೆಯೇ ಲೆಕ್ಕ. ಇನ್ನು ಟೊರೊಂಟೊದಲ್ಲಿ ಇದನ್ನು ಯಾರು ಕೇಳುತ್ತಾರೆ? ಆದರೆ ನಮ್ಮ 1872ರ ಕರಾರು ಕಾಯ್ದೆಯ ಬೇರು ಇಂಗ್ಲಿಷ್ ಕಾನೂನಿನಲ್ಲಿದೆ. ಅದನ್ನು ಗೈಡು ನೆಚ್ಚದೆ ಓದಿದ ಹುಡುಗಿಗೆ ಅಲ್ಲಿಯ ಪುಸ್ತಕ ಅಪರಿಚಿತವೆನಿಸುವುದಿಲ್ಲ.

ಇನ್ನು ಎಲ್ಲಿ ಓದಬೇಕು ಎಂಬುದು. ಕ್ಲಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ್‍ಯಾಂಕ್ ಬಂದು, ಶುಲ್ಕಕ್ಕೆ ದಾರಿಯಿದ್ದರೆ ಬೆಂಗಳೂರು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಕಳಿಸಿ, ಎರಡನೆಯ ಯೋಚನೆ ಬೇಡ. ಅಲ್ಲಿ ಸಿಗದಿದ್ದರೆ, ಊರಿನ ಹೆಸರಿಗೆ ಮರುಳಾಗಿ ಬೆಂಗಳೂರಿನ ಬಾಡಿಗೆ ಕಟ್ಟಬೇಡಿ. ಅಲ್ಲಿಯ ಎಷ್ಟೋ ಕಾಲೇಜುಗಳೂ ನಮ್ಮ ಶಿವಮೊಗ್ಗದ ಸಿ.ಬಿ.ಆರ್. ಕಾನೂನು ಕಾಲೇಜೂ ಕೊಡುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪದವಿಯನ್ನೇ. ಇಲ್ಲಾದರೆ ಮನೆ ಊಟ ಉಂಡು, ಸಂಜೆ ಹಿರಿಯ ವಕೀಲರ ಕಚೇರಿಯಲ್ಲಿ ಕೂರಬಹುದು. ಇಂಗ್ಲಿಷಿನಲ್ಲಿ ಕರಡು ಬರೆಯುವ ರೂಢಿ ಮಾತ್ರ ಇಲ್ಲಿ ತಾನಾಗಿ ಬರುವುದಿಲ್ಲ, ಹಟ ಹಿಡಿದು ಕಲಿಯಬೇಕು.

ಪಿಯುಸಿ ಮುಗಿಸಿದ ಕೂಡಲೇ ಲಂಡನ್ನಿಗೆ ಕಳಿಸುವವರಿಗೂ ಒಂದು ಮಾತು. ಓದಿ ಮರಳಿ ಬಂದು ಇಲ್ಲಿ ಕರಿಕೋಟು ತೊಡಬೇಕಾದರೆ ಆ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇರಬೇಕು, ಅರ್ಹತಾ ಪರೀಕ್ಷೆಯನ್ನೂ ಬರೆಯಬೇಕು. ಗೇಟು ಎರಡೂ ಕಡೆ ಇದೆ.

ಇದೆಲ್ಲಕ್ಕಿಂತ ಮೊದಲು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದು ನೋಡಿ. ಅದರಲ್ಲಿ ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವೆರಡನ್ನೂ ಬಿಡಿಸಿ ಬರೆದ ಮಾರುದ್ದದ ಹೆಸರು. ನನ್ನ ಕಿರಿಯ ಸಹೋದ್ಯೋಗಿಯೊಬ್ಬ ಕೆನಡಾಕ್ಕೆ ಅರ್ಜಿ ಹಾಕುವಾಗ ಅವನ ಕಾನೂನು ಜ್ಞಾನವನ್ನು ಯಾರೂ ಪ್ರಶ್ನಿಸಲಿಲ್ಲ. ಈ ಎರಡು ಹೆಸರಿನ ಇಬ್ಬರೂ ತಾನೊಬ್ಬನೇ ಎಂದು ಅಫಿಡವಿಟ್ ಮಾಡಿಸಲು ಮಾತ್ರ ಎರಡು ಸಲ ನನ್ನ ಬಳಿಗೇ ಬಂದ.