ಲೆಹರಾ ಪ್ಯಾಕ್ ಡೈರಿ: ಗಡಿಯಾಚೆಯ ರೊಕ್ಕ

ಜೂನ್ 8

ತಬಲಾ ಅಭ್ಯಾಸಕ್ಕೆ ಜೊತೆಯಾಗುವ ಲೆಹರಾಗಳನ್ನು ರೆಕಾರ್ಡ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಹೋದ ಸಲ ಬರೆದಾಗ ಹದಿನಾರು ಮಾತ್ರೆಯ ತಾಳ ತೀನ್‌ತಾಲ್ ಮುಗಿದಿತ್ತು, ಹತ್ತು ಮಾತ್ರೆಯ ಝಪ್‌ತಾಲ್ ಬಾಕಿ ಇತ್ತು. ಈಗ ಎರಡೂ ಸಿದ್ಧ. ಧಾರವಾಡದ ನಮ್ಮ ಪೇಟಿ (ಹಾರ್ಮೋನಿಯಂ) ಮಾಸ್ತರರು ಕೀರವಾಣಿ ರಾಗದಲ್ಲಿ ಒಂದು, ಚಂದ್ರಕೌಂಸ್‌ನಲ್ಲಿ ಒಂದು ಲೆಹರಾ ನುಡಿಸಿಕೊಟ್ಟರು. ತಬಲಾ ಕಲಿಯುವವರು ಮನೆಯಲ್ಲಿ ಒಬ್ಬರೇ ಕೂತು ರಿಯಾಜ್ ಮಾಡುವಾಗ ಜೊತೆಗೆ ಸುತ್ತಿ ಸುತ್ತಿ ಬರುವ ಸಾಲು ಇದು. ಒಂದೊಂದೂ ಆರು ಲಯ, ಐದು ಶ್ರುತಿಯಲ್ಲಿ. ಸಂಗೀತದ ಕೆಲಸ ಬೇಗ ಆಯ್ತು.

ಆಗದೆ ಕೂತಿರೋದು ಗಲ್ಲಾದ ಕೆಲಸ.

ಇಲ್ಲಿಯವರಿಗೆ ಏನೂ ತೊಂದರೆ ಇಲ್ಲ. ಯುಪಿಐ ಇದೆ, ಎರಡು ಸೆಕೆಂಡಿನ ಮಾತು. ಆದರೆ ತಬಲಾ ಬಾರಿಸುವವರು ಇಲ್ಲಷ್ಟೇ ಇಲ್ಲವಲ್ಲ. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಕೀನ್ಯಾ ಎಲ್ಲ ಕಡೆಯಿಂದಲೂ ಜನ ಮಾದರಿ ಫೈಲ್ ಇಳಿಸಿಕೊಂಡಿದ್ದಾರೆ. ತಿಂಗಳಿಗೆ 2 ಡಾಲರ್ ಅಂತ ಚಂದಾ ಇಟ್ಟಿದ್ದೆ. ಮೂರು ವಾರದಲ್ಲಿ ಹೊರಗಿನಿಂದ 31 ಸಲ ದುಡ್ಡು ಕಟ್ಟುವ ಪ್ರಯತ್ನ ನಡೆದಿದೆ. ಬಂದದ್ದು 12. ಉಳಿದ 19 ಬಿದ್ದುಹೋಗಿವೆ, ಅದರಲ್ಲಿ 11 ನೇಪಾಳದವು.

ಜೂನ್ 11

ಕಾರ್ಡ್‌ನ ದುಡ್ಡನ್ನು ನನಗೆ ತಲುಪಿಸುವ ಸೇವೆ, ಅಂದರೆ ಪೇಮೆಂಟ್ ಗೇಟ್‌ವೇಯ ಲಾಗ್ (ದಾಖಲೆ) ತೆಗೆದು ಒಂದೊಂದಾಗಿ ನೋಡಿದೆ. ಕಾರ್ಡ್ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಬ್ಯಾಂಕ್ ಒಂದು ಅಂಕಿ ಕಳಿಸುತ್ತದೆ. 51 ಅಂದರೆ ಖಾತೆಯಲ್ಲಿ ದುಡ್ಡಿಲ್ಲ. 57 ಅಂದರೆ ಈ ಕಾರ್ಡ್‌ಗೆ ಈ ವ್ಯವಹಾರಕ್ಕೆ ಅನುಮತಿ ಇಲ್ಲ. 05 ಅಂದರೆ 'ಆಗಲ್ಲ' ಅಷ್ಟೇ. ಯಾಕೆ ಅಂತ ಕೇಳಬಾರದು, ನಮ್ಮ ಸೋದರಮಾವನ ಥರ.

ನನಗೆ 51 ಜಾಸ್ತಿ ಇರಬಹುದು ಅನ್ನಿಸಿತ್ತು. ಸಿಕ್ಕಿದ್ದು ಎರಡೇ ಎರಡು. ಉಳಿದವೆಲ್ಲ 57 ಮತ್ತು 05. ಅಂದರೆ ಅವರ ಹತ್ತಿರ ದುಡ್ಡಿದೆ, ಕೊಡುವ ಮನಸ್ಸೂ ಇದೆ. ಬಾಗಿಲು ಮುಚ್ಚಿರೋದು ಅವರ ಬ್ಯಾಂಕಿನಲ್ಲಿ. ಇದು ಗೊತ್ತಾಗುವ ಮೊದಲು ನಾನು ಎರಡು ಸಲ ಗೇಟ್‌ವೇ ಬದಲಿಸಿದ್ದೆ. ತೆರಿಗೆ, ಬಿಲ್ಲು ಎಲ್ಲ ತಾವೇ ನೋಡಿಕೊಂಡು ನಮ್ಮ ಪರವಾಗಿ ಮಾರುವ ಸೇವೆಯೊಂದಕ್ಕೂ ಸೇರಿದ್ದೆ. ಅವರ ಪಾಲು ಜಾಸ್ತಿ, ಫಲ ಅದೇ. ಆಚೆ ತುದಿಯಲ್ಲಿ ನಲ್ಲಿ ಬಂದ್ ಇದ್ದರೆ ಈಚೆ ಎಷ್ಟು ಒಳ್ಳೆ ಕೊಡ ಇಟ್ಟರೇನು?

ಜೂನ್ 15

ನೇಪಾಳದ ಲಲಿತಪುರದಿಂದ ಒಬ್ಬ ತಬಲಾ ಶಿಕ್ಷಕರು ವಾಟ್ಸ್ಆ್ಯಪ್ ಮಾಡಿದರು. 'ಸರ್, ನನ್ನ ಕಾರ್ಡ್ ಯಾಕೆ ಆಗ್ತಿಲ್ಲ ನೋಡಿ' ಅಂತ ಹಿಂದಿಯಲ್ಲಿ ಬರೆದು ಕಾರ್ಡ್‌ನ ಫೋಟೊವನ್ನೇ ಕಳಿಸಿಬಿಟ್ಟಿದ್ದಾರೆ, ಹಿಂದೆ ಮುಂದೆ ಎರಡೂ ಕಡೆ! ತಕ್ಷಣ ಅಳಿಸಿದೆ. ಅವರಿಗೂ ಅಳಿಸಲು ಹೇಳಿ, ಇನ್ನು ಯಾರಿಗೂ ಹೀಗೆ ಕಳಿಸಬೇಡಿ ಅಂದೆ. ಆದರೆ ಅಳಿಸುವ ಮುಂಚೆ ಒಂದು ಸಾಲು ಕಣ್ಣಿಗೆ ಬಿತ್ತು. ಕಾರ್ಡ್ ನೇಪಾಳ ಮತ್ತು ಭಾರತದಲ್ಲಿ ಮಾತ್ರ ನಡೆಯುತ್ತದೆ ಅಂತ ಅದರ ಮೇಲೇ ಅಚ್ಚಾಗಿತ್ತು.

ಭಾರತದಲ್ಲಿ ನಡೆಯುತ್ತೆ ಅಂದಮೇಲೆ ಡಾಲರ್ ಯಾಕೆ, ರೂಪಾಯಿಯಲ್ಲೇ ಬೆಲೆ ಇಡೋಣ ಅಂತ ಇಟ್ಟು ನೋಡಿದೆ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ಅಂತ ದರವೂ ಕಟ್ಟಿಟ್ಟದ್ದೇ, ಲೆಕ್ಕ ಸುಲಭ. ಅವರ ಕಾರ್ಡ್ ಆಗಲೂ ಹೋಗಲಿಲ್ಲ. ಕ್ಯೂಆರ್ ಕಳಿಸಿದೆ, ಅವರ ಆ್ಯಪ್ ಅದನ್ನು ಓದಲೇ ಇಲ್ಲ. 2024ರಿಂದ ನಾವು ಕಠ್ಮಂಡುವಿಗೆ ಹೋದರೆ ಅಲ್ಲಿನ ಅಂಗಡಿಗಳಲ್ಲಿ ಯುಪಿಐ ಸ್ಕ್ಯಾನ್ ಮಾಡಬಹುದು. ಆ ಕಡೆಯಿಂದ ಈ ಕಡೆಗೆ ನನಗಂತೂ ಒಂದು ಪೈಸೆ ಬರಲಿಲ್ಲ.

ಕೊನೆಗೆ ಅವರೇ ವಿಷಯ ಬಿಡಿಸಿ ಹೇಳಿದರು. ಹೊರದೇಶಕ್ಕೆ ಆನ್‌ಲೈನ್ ದುಡ್ಡು ಕಟ್ಟಬೇಕಾದರೆ ಬೇರೆಯೇ ಡಾಲರ್ ಕಾರ್ಡ್ ಮಾಡಿಸಬೇಕು. ಮೊದಲೇ ದುಡ್ಡು ತುಂಬಿಡುವ ಕಾರ್ಡ್ ಅದು. ಒಬ್ಬರಿಗೆ ವರ್ಷಕ್ಕೆ 500 ಡಾಲರ್, ಅಷ್ಟೇ. ನಮಗೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ವರ್ಷಕ್ಕೆ 2,50,000 ಡಾಲರ್. ಅದನ್ನು ಮುಟ್ಟುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ ಬಿಡಿ, ಆದರೂ ಆ ಅಂತರ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. 500 ಡಾಲರ್‌ನಲ್ಲಿ ಮಗಳ ಪರೀಕ್ಷೆ ಶುಲ್ಕ, ಫೋನಿನ ಸ್ಟೋರೇಜ್, ಜೊತೆಗೆ ನನ್ನ ಲೆಹರಾ. ಮೇಲಾಗಿ ಬೇಕಾದಾಗಷ್ಟೇ ದುಡ್ಡು ತುಂಬುವ ಕಾರ್ಡ್‌ನಿಂದ ತಿಂಗಳ ಚಂದಾ ತಾನಾಗಿ ಕಡಿತ ಆಗೋದು ಹೇಗೆ?

ನಾವೂ ಇದನ್ನು ಕಂಡವರೇ. 2021ರ ಅಕ್ಟೋಬರ್‌ನಲ್ಲಿ ಆಟೊ ಡೆಬಿಟ್ ನಿಯಮ ಬದಲಾದಾಗ ನನ್ನ ವಿದೇಶಿ ಚಂದಾಗಳು ಒಂದರ ಹಿಂದೆ ಒಂದು ನಿಂತಿದ್ದವು. ಆಗ ಬೈದಿದ್ದೆ. ಈಗ ಅದೇ ಚಂದಾವನ್ನು ಬೇರೆಯವರ ತಲೆಗೆ ಕಟ್ಟಿದ್ದೇನೆ.

ಜೂನ್ 16

ಚಂದಾ ತೆಗೆದುಹಾಕಿದೆ. ರಾತ್ರಿ ಕೂತು ಲೆಕ್ಕ ಹಾಕಿದರೆ ನನಗೂ ಅದರಿಂದ ನಷ್ಟವೇ ಆಗುತ್ತಿತ್ತು. ಗೇಟ್‌ವೇ ಶೇಕಡಾ 4.4 ಹಿಡಿಯುತ್ತದೆ, ಮೇಲೆ ಪ್ರತಿ ಸಲ 30 ಸೆಂಟ್. 2 ಡಾಲರ್ ಬಂದರೆ 39 ಸೆಂಟ್ ಅಲ್ಲೇ ಹೋಯ್ತು, ಹತ್ತಿರ ಹತ್ತಿರ ಐದನೇ ಒಂದು ಪಾಲು. ಒಂದೇ ಸಲ 15 ಡಾಲರ್ ತೆಗೆದುಕೊಂಡರೆ ಹೋಗೋದು 96 ಸೆಂಟ್. ಇಷ್ಟು ಸಣ್ಣ ಗುಣಾಕಾರವನ್ನು ಮೊದಲೇ ಮಾಡಬಾರದಿತ್ತಾ?

ಹೊಸ ಬೆಲೆ: ಒಬ್ಬರಿಗೆ 15 ಡಾಲರ್, ಒಂದು ಕ್ಲಾಸಿಗೆ 40. ಎರಡೂ ಒಂದೇ ಸಲ ಕಟ್ಟುವಂಥದ್ದು. ಪೇಮೆಂಟ್ ಬಿದ್ದುಹೋದಾಗ ಬರುತ್ತಿದ್ದ 'ಮತ್ತೆ ಪ್ರಯತ್ನಿಸಿ' ಸಾಲನ್ನೂ ಕಿತ್ತೆ. ಮತ್ತೆ ಮತ್ತೆ ಪ್ರಯತ್ನಿಸಿದರೆ ಬ್ಯಾಂಕ್ ಕಾರ್ಡನ್ನೇ ಬ್ಲಾಕ್ ಮಾಡಬಹುದು. ಅದರ ಬದಲು 'ನಿಮ್ಮ ಕಾರ್ಡ್‌ನಲ್ಲಿ ವಿದೇಶಿ ಆನ್‌ಲೈನ್ ಪಾವತಿ ಆನ್ ಇದೆಯೇ ನೋಡಿ, ಇಲ್ಲದಿದ್ದರೆ ನನಗೆ ಮೇಲ್ ಮಾಡಿ' ಅಂತ ಬರೆದೆ.

ಜೂನ್ 24

ಲಲಿತಪುರದ ಶಿಕ್ಷಕರಿಂದ 40 ಡಾಲರ್ ಬಂತು! ಹದಿನಾಲ್ಕು ಶಿಷ್ಯರು ತಮ್ಮ ತಮ್ಮ ಪಾಲನ್ನು ನೇಪಾಳದ ಮೊಬೈಲ್ ವ್ಯಾಲೆಟ್ ಇ-ಸೇವಾದಲ್ಲಿ ಅವರಿಗೆ ಕಳಿಸಿದ್ದಾರೆ, ಅವರು ತಮ್ಮ ಡಾಲರ್ ಕಾರ್ಡ್‌ನಿಂದ ಒಂದೇ ಸಲ ಕಟ್ಟಿದ್ದಾರೆ. ಸಂಜೆ ಪೇಟಿ ಮಾಸ್ತರರ ಫೋನು. 'ಏನಪಾ, ನೇಪಾಳದ ರೊಕ್ಕ ಬಂತೇನು?' ಬಂತು ಅಂದೆ. 'ಹಂಗಾರ ರೂಪಕ್ ತಾಲ್ ಸುರು ಮಾಡೂಣು.'

ನೈರೋಬಿಯಿಂದ ಬಂದ ಒಬ್ಬರದು ಮೊದಲ ಸಲಕ್ಕೇ ಹೋಯ್ತು. ಅಲ್ಲಿ 2007ರಿಂದ ಇರುವ ಎಂ-ಪೆಸಾ ಮೊಬೈಲ್ ಹಣಕ್ಕೆ ಈಗ ವೀಸಾದ ವರ್ಚುವಲ್ ಕಾರ್ಡ್ ಜೋಡಿಸಿಕೊಳ್ಳಬಹುದು. ಪ್ಲಾಸ್ಟಿಕ್ ಕಾರ್ಡ್ ಇಲ್ಲದವರೂ ಕಟ್ಟಬಹುದು. ಕೊಲಂಬೊದ ಇಬ್ಬರದೂ ಸಲೀಸಾಗಿ ಹೋಯಿತು, ಬರೆಯುವಂಥದ್ದೇನಿಲ್ಲ.

ಒಬ್ಬರು ಯುಎಸ್‌ಡಿಟಿ (ಒಂದು ಕ್ರಿಪ್ಟೊ ನಾಣ್ಯ) ತಗೊಳ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ನಮ್ಮಲ್ಲಿ ಅದರ ಲಾಭದ ಮೇಲೆ ಶೇಕಡಾ 30 ತೆರಿಗೆ, ನೇಪಾಳದಲ್ಲಂತೂ ಅದು ಕಾನೂನಿಗೇ ವಿರುದ್ಧ. 15 ಡಾಲರ್‌ಗೋಸ್ಕರ ನಾನೂ ಸಿಕ್ಕಿಕೊಳ್ಳಬಾರದು, ಅವರನ್ನೂ ಸಿಕ್ಕಿಸಬಾರದು.

ಜುಲೈ 2

ಬಾಂಗ್ಲಾದೇಶದ ಗಂಟು ಮಾತ್ರ ಬಿಚ್ಚಿಲ್ಲ. ಮೈಮನ್‌ಸಿಂಗ್‌ನ ಒಬ್ಬ ವಿದ್ಯಾರ್ಥಿ ಅಲ್ಲಿನ ಮೊಬೈಲ್ ಹಣ ಬಿಕಾಶ್‌ನಲ್ಲಿ ಕಳಿಸಲಾ ಅಂತ ಕೇಳುತ್ತಲೇ ಇದ್ದಾನೆ. ಅವನ ಊರಲ್ಲಿ ಚಹಾ ಅಂಗಡಿಯವನಿಗೂ ಅದರಲ್ಲೇ ಕೊಡುತ್ತಾನಂತೆ. ಆದರೆ ಬಿಕಾಶ್ ಖಾತೆ ತೆರೆಯಲು ನಾನು ಅಲ್ಲಿಯವನಲ್ಲ. ಪೇಪಾಲ್ ಆ ದೇಶದಲ್ಲಿ ಇಲ್ಲವೇ ಇಲ್ಲ. ಡಾಲರ್ ನಡೆಯುವ ಕಾರ್ಡ್ ಬೇಕಾದರೆ ಬ್ಯಾಂಕಿನವರು ಪಾಸ್‌ಪೋರ್ಟ್‌ನಲ್ಲಿ ಎಂಡಾರ್ಸ್‌ಮೆಂಟ್ (ಡಾಲರ್ ಖರ್ಚಿನ ನಮೂದು) ಹಾಕಬೇಕು. 'ನನಗೆ ಪಾಸ್‌ಪೋರ್ಟೇ ಇಲ್ಲ ದಾದಾ, ನಾನು ಎಲ್ಲಿಗೂ ಹೋಗ್ತಿಲ್ಲ, ಮನೆಯಲ್ಲಿ ಕೂತು ತಬಲಾ ಬಾರಿಸ್ತೀನಿ' ಅಂದ.

ಅವನಿಗೆ ಝಪ್‌ತಾಲ್ ಸೆಟ್ ಸುಮ್ನೆ ಕೊಟ್ಟೆ, ಪರೀಕ್ಷಿಸಿ ಹೇಳು ಅಂತ. ಮರುದಿನವೇ ಮೇಲ್: ಹತ್ತನೇ ಮಾತ್ರೆ ಮುಗಿದು ಸಮ್ (ಮತ್ತೆ ಮೊದಲ ಮಾತ್ರೆ) ಬರುವಾಗ ಒಂದು ಎಳೆಯಷ್ಟು ತಡವರಿಸುತ್ತೆ. ಹೆಡ್‌ಫೋನ್ ಹಾಕಿ ಕೇಳಿದೆ. ಹೌದು. ಎಂಪಿ3 ಮಾಡುವಾಗ ಫೈಲಿನ ತುದಿಗೆ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ, ಲೂಪ್ ಮಾಡಿದರೆ ಅದೇ ಎಡವುತ್ತದೆ. ದುಡ್ಡು ಕೊಟ್ಟು ಕೊಂಡವರು ಯಾರೂ ಹೇಳಿರಲಿಲ್ಲ, ನನ್ನ ಕಿವಿಗೂ ಬಿದ್ದಿರಲಿಲ್ಲ.

ಎಲ್ಲ ಫೈಲ್‌ಗಳನ್ನೂ ಹಾಗೆ ಮೌನ ಸೇರದ ವೇವ್ ರೂಪದಲ್ಲಿ ಮತ್ತೆ ತೆಗೆಯುತ್ತಿದ್ದೇನೆ. 60 ಫೈಲ್‌ಗಳಲ್ಲಿ 22 ಆಗಿವೆ. ಢಾಕಾದಲ್ಲಿ ಆ ವಿದ್ಯಾರ್ಥಿಯ ಗುರುಗಳಿಗೆ ಡಾಲರ್ ನಡೆಯುವ ಕಾರ್ಡ್ ಇದೆಯಂತೆ. ಈದ್ ರಜೆಗೆ ಊರಿಗೆ ಬಂದವರು ವಾಪಸ್ ಹೋದಮೇಲೆ ಕ್ಲಾಸಿನ ಲೆಕ್ಕದಲ್ಲಿ ಕಟ್ಟೋಣ ಅಂದಿದ್ದಾರೆ.