ಗಳಗನಾಥದ ಮರಳಿನಲ್ಲಿ ಹುಳುವಿನಂಥ ನುಸಿಯ ಹುಡುಕಾಟ: ಆರನೇ ಬಕೆಟ್

ಆರನೇ ಬಕೆಟ್ ಮರಳು ನಿನ್ನೆ ತೊಳೆದು ಮುಗಿಸಿದೆ. ಹುಳುವಿನಂಥ ನುಸಿ ಇನ್ನೂ ಸಿಕ್ಕಿಲ್ಲ. ಆದರೆ ಅದರ ಮೈ ಹೇಗಿರುತ್ತದೆ ಅನ್ನೋದು ಈ ವಾರ ಕಣ್ಣಿಗೆ ಕಟ್ಟಿತು, ಅದೂ ನಮ್ಮ ಹಿತ್ತಲಿನ ತೆಂಗಿನ ಮರದಿಂದ!

ನುಸಿ ಅಂದರೆ ಜೇಡ, ಉಣ್ಣೆಗಳ ಬಳಗ. ಹೆಚ್ಚಿನವು ಗುಂಡಗಿರುತ್ತವೆ. ನೆಮಟಾಲಿಸಿಡೇ ಕುಟುಂಬದವು ಮಾತ್ರ ದಾರದ ಎಳೆಯ ಹಾಗೆ ಉದ್ದ. 1954ರಲ್ಲಿ ಸ್ಟ್ರೆಂಜ್ಕೆ ಎಂಬುವರು ಅಲ್ಜೀರಿಯಾದ ನೆಮಟಾಲಿಕಸ್ ಎಂಬ ನುಸಿಯನ್ನು ವಿವರಿಸಿದರು. ಆಮೇಲೆ ಗಾರ್ಡಿಯಾಲಿಕಸ್ ಬಂತು, ಅದು ಇವುಗಳಲ್ಲೇ ತುಂಬಾ ಉದ್ದ. 2014ರಲ್ಲಿ ಅಮೆರಿಕದ ಓಹಿಯೋದಿಂದ ಓಸ್ಪೆರಾಲಿಕಸ್ ಸೇರಿತು. ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ. ಬಾಯಲ್ಲಿ ಪುಟ್ಟ ಚೀಲದಂಥ ಒಂದು ರಚನೆ ಇದೆ. ಅದು ಸಿಕ್ಕಿದ್ದು ವಿಶ್ವವಿದ್ಯಾಲಯದ ಪಕ್ಕದ ಮಣ್ಣಿನ ಆಳದಲ್ಲಿ. ಓದಿದಾಗ ನನಗೆ ಧೈರ್ಯ ಬಂದಿದ್ದೇ ಅದರಿಂದ. ಅಲ್ಲಿ ಸಿಕ್ಕರೆ ವರದಾ-ತುಂಗಭದ್ರಾ ಸೇರುವ ನಮ್ಮ ಗಳಗನಾಥದಲ್ಲಿ ಯಾಕೆ ಹುಡುಕಬಾರದು?

ತೊಳೆಯುವ ಕೆಲಸ ಸರಳ. ಬಕೆಟ್‌ನಲ್ಲಿ ಮರಳು, ನೀರು ಹಾಕಿ ಜೋರಾಗಿ ತಿರುಗಿಸಬೇಕು. ಹತ್ತು ಎಣಿಸಿ ಮೇಲಿನ ನೀರನ್ನು ಸಣ್ಣ ಜಾಲರಿಗೆ ಸುರಿಯಬೇಕು. ಮರಳು ತಳಕ್ಕೆ ಕೂರುತ್ತದೆ, ಹಗುರ ಜೀವಿಗಳು ನೀರಿನ ಜೊತೆ ಬರುತ್ತವೆ. ಮೊದಲ ಮೂರು ಬಕೆಟ್ ಮರಳು ನಾನು ಮೇಲ್ಪದರದಿಂದಲೇ ತುಂಬಿದ್ದೆ, ಅದು ತಪ್ಪು. ಈಗ ಮೊಣಕೈ ಆಳಕ್ಕೆ ಅಗೆಯುತ್ತೇನೆ, ನದಿಯ ನೀರು ನಿಲ್ಲದ ದಡದ ಮೇಲ್ಭಾಗದಲ್ಲಿ.

ಎರಡು ಸಲ ಎದೆ ಢವಢವ ಅಂದಿತ್ತು. ಬಿಳಿ ಎಳೆಯೊಂದು ಮೈಕ್ರೋಸ್ಕೋಪಿನ ಕೆಳಗೆ ಹೊರಳುತ್ತಿತ್ತು. ಎರಡು ಸಲವೂ ಅದು ನೆಮಟೋಡ್, ಅಂದರೆ ದುಂಡುಹುಳು. ಅದು ಚಾಟಿಯಂತೆ ಅತ್ತಿತ್ತ ಬಳುಕುತ್ತದೆ, ಕಾಲಿಲ್ಲ. ನಮ್ಮ ನುಸಿಗೆ ಗಿಡ್ಡ ಕಾಲುಗಳು ನಾಲ್ಕು ಜೊತೆ. ಆದರೂ ಅದು ಮುಂದೆ ಸಾಗುವುದು ಮೈಯನ್ನು ಕುಗ್ಗಿಸಿ ಹಿಗ್ಗಿಸಿ, ಎರೆಹುಳುವಿನ ಹಾಗೆ. ಮರಳಿನ ಕಾಳುಗಳ ಸಂದು ಅಷ್ಟು ಇಕ್ಕಟ್ಟು.

ಈಗ ತೆಂಗಿನ ವಿಷಯ. ಕಂದು ತ್ರಿಕೋನದ ಮಚ್ಚೆ ಬಿದ್ದ ಒಂದು ಎಳೆ ಕಾಯಿ ಕಿತ್ತು, ತೊಟ್ಟಿನ ಟೊಪ್ಪಿಗೆ ಬಿಡಿಸಿದೆ. ಒಳಗೆ ಬಿಳಿ ಹಿಟ್ಟು ಉದುರಿದಂತಿತ್ತು. ಲೆನ್ಸ್ ಹಿಡಿದರೆ ಆ ಹಿಟ್ಟು ಹರಿದಾಡುತ್ತಿತ್ತು! ಅದೇ ತೆಂಗಿನ ನುಸಿ, ಅಸೇರಿಯಾ ಗೆರೆರೋನಿಸ್. ಉದ್ದ ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ಮೈ ತುಂಬ ಸುತ್ತುಗೆರೆ. ಕಾಲು ಬರೀ ಎರಡು ಜೊತೆ, ಅದೂ ತಲೆಯ ಹತ್ತಿರ. ಒಂದು ನುಸಿ ಬಾಲದ ತುದಿಯನ್ನು ಕಾಯಿಗೆ ಅಂಟಿಸಿ ನೆಟ್ಟಗೆ ಎದ್ದು ನಿಂತಿತು. ನಾನು ಉಸಿರು ಬಿಗಿಹಿಡಿದು ನೋಡಿದೆ.

ನುಸಿಗಳ ಸಂಶೋಧಕ ಸ್ಯಾಮ್ಯುಯೆಲ್ ಬೋಲ್ಟನ್ ಮತ್ತು ಸಂಗಡಿಗರು 2017ರಲ್ಲಿ ತೆಂಗಿನ ನುಸಿ ಸೇರಿದ ಎರಿಯೋಫಿಡ್ ಗುಂಪಿನ ನುಸಿಗಳನ್ನೂ ಮರಳಿನ ನೆಮಟಾಲಿಸಿಡೇಯನ್ನೂ ಹತ್ತಿರದ ನೆಂಟರೆಂದು ವಾದಿಸಿದರು. ಸುಮ್ನೆ ಉದ್ದ ಇರುವುದಷ್ಟೇ ಸಾಕ್ಷಿಯಾಗದು. ನಮ್ಮ ಮುಖದ ರಂಧ್ರಗಳಲ್ಲಿರುವ ಡೆಮೊಡೆಕ್ಸ್ ನುಸಿ ಕೂಡ ಉದ್ದವೇ ಅಲ್ವಾ, ಅದರ ಬಳಗ ಬೇರೆ. ಅದಕ್ಕೇ ಚರ್ಮದ ರಚನೆ, ಬಾಯಿಯ ಭಾಗಗಳನ್ನು ಹೋಲಿಸಬೇಕಾಗುತ್ತದೆ.

ತೆಂಗಿನ ನುಸಿಯ ನಾಲ್ಕು ಸ್ಲೈಡ್ ಮಾಡಿಟ್ಟಿದ್ದೇನೆ. ಭಾನುವಾರ ಏಳನೇ ಬಕೆಟ್. ವರದೆಗೆ ಮಳೆನೀರು ಬರುವ ಮೊದಲು ಇನ್ನೆರಡು ಗುಂಡಿ ಅಗೆಯಬೇಕು.