ಗಾಲಿತ್, ಗಲಿತ್, ಮತ್ತೆ ಅಜ್ಜಿ ಮನೆ ಬಾವಿ

ಕೊನೆಗೂ ಬಂತು ಮಾರಾಯ್ರೆ, ನಾನು ಕಲೀತಿರೋ ಫಿಲಿಪ್ಪೀನ್ಸ್ ಭಾಷೆ ಟಗಾಲೊಗ್‌ನಲ್ಲಿ ಸಿಟ್ಟು ಬಂತು! ಬಾಲ್ಯದ ನೆನಪು ಬರೆದು ಟ್ಯೂಟರ್ ಮುಂದೆ ಓದೋ ಪ್ರಾಜೆಕ್ಟ್‌ನಲ್ಲಿ ನತಾಕೊತ್ ಅಂದ್ರೆ ಹೆದರಿದೆ, ತಿನಾಕೊತ್ ಅಂದ್ರೆ ಇನ್ನೊಬ್ರು ಹೆದರಿಸಿದ್ರು, ಇದೆಲ್ಲ ಮುಗಿದಿತ್ತು, ಕಲಿಯೋರಿಗೆ ಗೊತ್ತಿರೋದೇ ಬಿಡಿ. ನಾನು ಸಿಕ್ಕಾಕ್ಕೊಂಡಿದ್ದು ಒಂದೇ ವಾಕ್ಯದಲ್ಲಿ. ಬಾವಿಗೆ ಕೊಡ ಬಿದ್ದ ದಿನ ಅಜ್ಜಿಗೆ ಸಿಟ್ಟು, ಅಮ್ಮಂಗೆ ಸುಸ್ತು, ನಂಗೆ ಹಸಿವು: ಗಲಿತ್ ಸಿ ಲೋಲ, ಪಗೊದ್ ಸಿ ನಾನಾಯ್, ಗುತೊಮ್ ಅಕೊ.

ಓದ್ದಾಗಲೆಲ್ಲ ಫಿಲಿಪ್ಪೀನ್ಸ್‌ನ ಬತಂಗಾಸ್ ಕಡೆಯ ನಮ್ಮ ಟ್ಯೂಟರ್ ಮೇಡಂ 'ಉಲಿತ್' ಅಂತಾರೆ, ಅಂದ್ರೆ ಇನ್ನೊಂದ್ಸಲ. ಸಮಸ್ಯೆ ಏನಪ್ಪಾ ಅಂದ್ರೆ ಈ ಮೂರೂ ಪದಕ್ಕೆ ಒತ್ತು ಮೊದಲ ಅಕ್ಷರದ ಮೇಲೆ ಬಿದ್ರೆ ಸಿಟ್ಟು, ಸುಸ್ತು, ಹಸಿವು ಅನ್ನೋ ನಾಮಪದ, ಕೊನೇದ್ರ ಮೇಲೆ ಬಿದ್ರೆ ಸಿಟ್ಟಾಗಿರೋ, ಸುಸ್ತಾಗಿರೋ, ಹಸಿದಿರೋ ಮನುಷ್ಯ. ಡಿಕ್ಷನರಿಯಲ್ಲಿ ಒತ್ತಿನ ಗುರುತು ಹಾಕಿರ್ತಾರೆ, ಪೇಪರ್‌ನಲ್ಲಿ ಹಾಕಲ್ಲ. ನಾನು ಕೊನೇ ಅಕ್ಷರಾನ ಗಂಟಲು ಹರಿಯೋ ಹಾಗೆ ಕೂಗಿದೆ, ಮೇಡಂ ಸುಮ್ನೆ ತಲೆ ಅಲ್ಲಾಡಿಸಿದ್ರು. ಪದ ಕಲಿಯೋಕೆ ಅಂತ ದುಡ್ಡು ಕೊಟ್ಟು ತಗೊಂಡ ಫ್ಲ್ಯಾಶ್‌ಕಾರ್ಡ್ ಡೆಕ್ ಕೇಳೋಣ ಅಂದ್ರೆ ಅದ್ರಲ್ಲಿರೋದು ಮೆಷಿನ್ ದನಿ, ಎರಡನ್ನೂ ಒಂದೇ ಥರ ಹೇಳುತ್ತೆ. ಮಾರಿದವನಿಗೆ ಮೆಸೇಜ್ ಹಾಕಿದ್ರೆ 'ವಾಲ್ಯೂಮ್ ಚೆಕ್ ಮಾಡಿ' ಅಂದ, ಪುಣ್ಯಾತ್ಮ.

ಕೊನೆಗೆ ಮೇಡಂ ರೆಕಾರ್ಡಿಂಗ್ ಮತ್ತೆ ನಂದು ಎರಡನ್ನೂ ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೇಲೆ ಕೆಳಗೆ ಇಟ್ಟು ನೋಡಿದೆ. ನಾಮಪದದಲ್ಲಿ ಅವರ 'ಗ' ಇರೋ ಕಡೆ ಅಲೆ ಎತ್ತರ ಏನಿಲ್ಲ, ಉದ್ದಕ್ಕೆ ಕಾಲು ಚಾಚ್ಕೊಂಡು ಮಲಗಿದೆ. ಅಯ್ಯೋ, ಇದು ನಮ್ಮ ದೀರ್ಘ ಅಲ್ವಾ! ಒಂದನೇ ಕ್ಲಾಸಲ್ಲಿ ಬೆತ್ತ ಹಿಡಿದು ಕಲಿಸಿದ್ದೇ ಇದನ್ನ. ಕೂಗೋದು ಬಿಟ್ಟು ಎಲ್ಲಾ ಕನ್ನಡ ಲಿಪೀಲಿ ಬರ್ಕೊಂಡೆ, ಗಾಲಿತ್/ಗಲಿತ್, ಪಾಗೊದ್/ಪಗೊದ್, ಗೂತೊಮ್/ಗುತೊಮ್, ನೋಡ್ಕೊಂಡು ಓದಿದೆ. ಉಲಿತ್ ಬರಲಿಲ್ಲ! ಬದಲಿಗೆ 'ಆಮೇಲೆ ಕೊಡ ಹೇಗೆ ತೆಗೆದ್ರಿ' ಅಂದ್ರು. ಪಾತಾಳಗರಡಿಗೆ ಟಗಾಲೊಗ್‌ನಲ್ಲಿ ಏನಂತಾರೋ ಯಾರಿಗ್ಗೊತ್ತು, ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಗೊಂಚಲು ಅಂತ ಚಿತ್ರ ಬಿಡಿಸೋಷ್ಟರಲ್ಲಿ ಕ್ಲಾಸ್ ಟೈಮ್ ಮುಗೀತು.

ಇದ್ರ ಜೊತೆಗೆ ಬೋನಸ್ ಬೇರೆ. ಪದದ ಕೊನೇಲಿ ಗಂಟಲು ಟಕ್ ಅಂತ ಮುಚ್ಚೋ ಸದ್ದಿಗೆ ವಿಸರ್ಗ ಹಾಕ್ತಿದೀನಿ: ಬಾತಃ ಅಂದ್ರೆ ಮಗು, ಬಾತ ಅಂದ್ರೆ ನಿಲುವಂಗಿ. (ವಾಕ್ಯದ ಮಧ್ಯೆ ಬಂದ್ರೆ ಮನಿಲಾ ಜನ ಅದನ್ನ ನುಂಗಿಬಿಡ್ತಾರೆ, ಅದು ಬೇರೆ ಗೋಳು.) ಮುಗುಳ್ನಗು ಅನ್ನೋಕೆ ಙಿತಿಃ. ವರ್ಣಮಾಲೆ ಚಾರ್ಟ್‌ನಲ್ಲಿ ಸುಮ್ನೆ ಕೂತಿದ್ದ ಙಗೂ ಕೆಲಸ ಸಿಕ್ತು ನೋಡಿ.

ಙ ಅಂದಾಗ ನೆನಪಾಯ್ತು, ಅವರ ಹಳೇ ಲಿಪಿ ಬಾಯ್ಬಾಯಿನ್‌ನಲ್ಲೂ ಙಗೆ ಅಂತಲೇ ಒಂದು ಅಕ್ಷರ ಇದೆ, ಅದೂ ನಮ್ಮ ಥರ ಬ್ರಾಹ್ಮಿ ವಂಶದ್ದೇ. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ಕ್ರೈಸ್ತ ಧರ್ಮಬೋಧೆಯ ಪುಸ್ತಕ ಡಾಕ್ಟ್ರಿನಾ ಕ್ರಿಸ್ತಿಯಾನಾದಲ್ಲೂ ಈ ಲಿಪಿ ಇದೆ. ಆದ್ರೆ ಹಳೇ ಪದ್ಧತೀಲಿ ಕೊನೇ ವ್ಯಂಜನ ಬರೆಯೋದೇ ಇಲ್ವಂತೆ, ಅಂದ್ರೆ ಗಲಿತ್ ಬರೀ ಗಲಿ, ದೀರ್ಘದ ಗುರುತೂ ಇಲ್ಲ! ಆದ್ರೂ ಆ ಲಿಪಿ ಬರೆಯೋಕೆ ಅಂತ ಕಟ್ ನಿಬ್ಬು (ತುದಿ ಚಪ್ಪಟೆಯಾಗಿ ಕತ್ತರಿಸಿದ ಪೆನ್ ನಿಬ್ಬು) ಆರ್ಡರ್ ಮಾಡಾಯ್ತು. ಕೊರಿಯರ್‌ನವರು ಎರಡನೇ ಸಲ 'ಮನೆಗೆ ಬೀಗ ಇತ್ತು' ಅಂತ ಹಾಕಿದಾರೆ, ನಾನು ಮನೇಲೇ ಕೂತು ಗಾಲಿತ್, ಗಲಿತ್ ಅಂತಿದ್ದೆ.

ಮುಂದಿನ ಕಂತು, ಕಾರಣ ಹೇಳೋ ಇಕಿನಾ- ಅನ್ನೋ ಪ್ರತ್ಯಯ ಪದದ ಮುಂದೆ ಹಚ್ಚಿ 'ಅಜ್ಜಿಗೆ ಸಿಟ್ಟು ತರಿಸಿದ್ದು ಏನು' ಅಂತ ಹೇಳೋದು. ಮನುಷ್ಯರ ದನಿ ಇರೋ ಡೆಕ್ ಯಾರ ಹತ್ರನಾದ್ರೂ ಇದ್ರೆ ಹೇಳಿ.